ಶ್ರುತಿ ತಪ್ಪಿದ್ದು ನಾನು

ಕುಕ್ಕರ್ ಒಂದರ ಹಿಂದೆ ಒಂದು ಆರು ಸೀಟಿ ಹೊಡೆಯಿತು. ಒಲೆಯಿಂದ ಎರಡು ಮಾರು ದೂರದಲ್ಲಿ ಬೆನ್ನು ತಿರುಗಿಸಿ ನಿಂತಿದ್ದ ನಾದಿನಿ ತಟ್ಟೆ ಒರೆಸುತ್ತಲೇ ಇದ್ದಳು. ಬಾಗಿಲಲ್ಲಿ ನಿಂತ ಅತ್ತಿಗೆಯ ಕೈಯಿಂದ ತರಕಾರಿ ಚೀಲ ಜಾರಿ ಬಿತ್ತು, ಆಲೂಗಡ್ಡೆಗಳು ದಡದಡನೆ ಉರುಳಿದವು. ಅದಕ್ಕೂ ಅವಳು ತಿರುಗಲಿಲ್ಲ! ಒಂದು ಆಲೂಗಡ್ಡೆ ಹೋಗಿ ಹಿಮ್ಮಡಿಗೆ ತಾಗಿದಾಗ ಮಾತ್ರ ಬೆಚ್ಚಿಬಿದ್ದು ಹಿಂದೆ ನೋಡಿದಳು.

"ಅಯ್ಯೋ, ಅತ್ತಿಗೆ! ಯಾವಾಗ ಬಂದ್ರಿ? ಬೆಕ್ಕಿನ ಥರ ಬರ್ತೀರಪ್ಪ!"

"ಚಿಕ್ಕಿ... ಕುಕ್ಕರ್..."

ನಾದಿನಿ ಅತ್ತಿಗೆಯ ತುಟಿ ನೋಡಿದಳು, ಆಮೇಲೆ ಒಲೆಯ ಕಡೆ ನೋಡಿದಳು. ಧಾವಿಸಿ ಹೋಗಿ ಉರಿ ಆರಿಸಿದಳು. "ಏನೋ ಯೋಚನೇಲಿದ್ದೆ" ಎಂದು ನಕ್ಕಳು. ತನ್ನ ಮನಸ್ಸಿಗೆ ಬಂದದ್ದನ್ನು ಅತ್ತಿಗೆಗೆ ನಂಬಲಾಗಲಿಲ್ಲ, ನಂಬದೆ ಇರಲೂ ಆಗಲಿಲ್ಲ. ನಾದಿನಿ ಮತ್ತೆ ತಟ್ಟೆಗಳ ಕಡೆ ತಿರುಗಿಕೊಂಡಾಗ, ಅವಳ ಬೆನ್ನ ಹಿಂದೆಯೇ ನಿಂತು, ಎಂದಿನ ದನಿಯಲ್ಲಿ ಹೇಳಿದಳು: "ಚಿಕ್ಕಿ, ನಿನ್ನ ಬಟ್ಟೆಗೆ ಬೆಂಕಿ ಹತ್ತಿದೆ."

ನಾದಿನಿ ಒರೆಸಿದ ತಟ್ಟೆಯನ್ನು ಸಾವಧಾನವಾಗಿ ಗೂಡಿನಲ್ಲಿಟ್ಟು, ಇನ್ನೊಂದನ್ನು ಎತ್ತಿಕೊಂಡಳು.

ಆ ಊರಿನಲ್ಲಿ, ಅಕ್ಕಪಕ್ಕದ ಎಷ್ಟೋ ಊರುಗಳಲ್ಲಿ, ಈ ಇಬ್ಬರನ್ನು ಅರಿಯದವರಿರಲಿಲ್ಲ. 'ಅತ್ತಿಗೆ-ನಾದಿನಿ' ಎಂದರೆ ಸಾಕಿತ್ತು. ಮೂವತ್ತಾರು ವರ್ಷಗಳ ಹಿಂದೆ, ಬಟ್ಟೆ ಒಗೆಯುವಾಗ, ಕಾಳು ಬೀಸುವಾಗ, ಮಗು ಮಲಗಿಸುವಾಗ ಮುದುಕಿಯರು ಗುನುಗುತ್ತಿದ್ದ ಹಾಡುಗಳನ್ನು ಜನ ಮರೆಯತೊಡಗಿದ್ದ ಕಾಲದಲ್ಲಿ, ಇವರಿಬ್ಬರೂ ಓಣಿ ಓಣಿ ಅಲೆದು, ಆಸ್ಪತ್ರೆಯ ಹಾಸಿಗೆಗಳ ಪಕ್ಕ ಕೂತು, ಹಲ್ಲಿಲ್ಲದ ಬಾಯಿಗಳಿಂದ ಒಂದೊಂದೇ ಸಾಲು ಬರೆದುಕೊಂಡು ತಂದಿದ್ದರು. ನಾದಿನಿ ಮದುವೆ ಬೇಡವೆಂದು ತವರಿನಲ್ಲೇ ಉಳಿದಳು. ಹಾಡೇ ಅವಳ ಸಂಸಾರವಾಯಿತು. ಇಬ್ಬರೂ ಭುಜಕ್ಕೆ ಭುಜ ತಾಗಿಸಿ ಒಂದೇ ಮೈಕಿಗೆ ಹಾಡುತ್ತಿದ್ದರು. ಎಷ್ಟೋ ಹೊಸ ಗಾಯಕರು ಬಂದರು, ಹೋದರು. ಇವರ ಸಭೆಗಳಲ್ಲಿ ಮಾತ್ರ ಕುರ್ಚಿ ಸಾಲುತ್ತಿರಲಿಲ್ಲ. ಅಜ್ಜಿಯರ ಪಕ್ಕ ಮೊಮ್ಮಕ್ಕಳು ಬಂದು ಕೂರುತ್ತಿದ್ದರು. ಒಮ್ಮೆ ಬಸ್ಸಿನ ಡ್ರೈವರೊಬ್ಬ ಗಾಡಿ ನಿಲ್ಲಿಸಿ ಇಳಿದು ಬಂದು, "ನಿಮ್ಮ ಹಾಡು ಹಾಕದಿದ್ರೆ ನನ್ನ ಮಗಳು ನಿದ್ದೆ ಮಾಡ್ತಿರಲಿಲ್ಲಮ್ಮ. ಈಗ ಅವಳ ಮಗೂಗೂ ಅದೇ ಚಾಳಿ!" ಎಂದು ಕೈಮುಗಿದಿದ್ದ.

ಆ ಮನೆಯ ಕೆಳಗೆ ಅತ್ತಿಗೆಯ ಗಂಡನ ಮೈಕ್‌ಸೆಟ್ ಅಂಗಡಿ. ಸುರುಳಿ ಸುತ್ತಿದ ವೈರುಗಳು, ಹೆಗಲೆತ್ತರದ ಸ್ಪೀಕರ್ ಪೆಟ್ಟಿಗೆಗಳು, ಬೆಸುಗೆ ಹಾಕಿದ ಸೀಸದ ವಾಸನೆ. ಅವರ ಕಿವಿ ಎಂದರೆ ಕಿವಿ! ಮೂರನೇ ಸಾಲಿನಲ್ಲಿ ಯಾರೋ ಕೆಮ್ಮಿದರೂ ಹಿಡಿಯುವವರು. ತಂಗಿ, ಹೆಂಡತಿ ಎಂಬ ಮುಲಾಜಿಲ್ಲದೆ ಇಬ್ಬರನ್ನೂ ತಿದ್ದಿ ತೀಡಿದವರು ಅವರೇ. ಇಪ್ಪತ್ತು ವರ್ಷ ಜೊತೆಗಿದ್ದ ಗೆಳೆಯ, ಡೋಲಿನವನು, ಒಂದು ಸಭೆಯಲ್ಲಿ ಎರಡು ಪೆಟ್ಟು ತಪ್ಪಿದ್ದಕ್ಕೆ, "ನಾಳೆಯಿಂದ ಬರಬೇಡ" ಎಂದು ವೇದಿಕೆಯ ಮೆಟ್ಟಿಲ ಮೇಲೇ ಹೇಳಿ ಕಳಿಸಿದ್ದರು. ಆ ದಿನ ಅವನು ಡೋಲನ್ನು ತಬ್ಬಿಕೊಂಡು ಬಸ್ ನಿಲ್ದಾಣದ ಕಡೆ ನಡೆದುಹೋದದ್ದನ್ನು ಅತ್ತಿಗೆ, ನಾದಿನಿ ಇಬ್ಬರೂ ನೋಡಿದ್ದರು.

ಆ ಸಂಜೆ ನಾದಿನಿಯ ಕೋಣೆಯ ಬಾಗಿಲು ಹಾಕಿ, ಅವಳ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ಅತ್ತಿಗೆ ಕೇಳಿದಳು: "ಎಷ್ಟು ದಿನದಿಂದ?"

ನಾದಿನಿ ಮೊದಲು ನಕ್ಕಳು. ಆಮೇಲೆ ಆ ಕೈಗಳನ್ನು ಬಿಡಿಸಿಕೊಂಡಳು. "ಎರಡು ವರ್ಷ... ಎಡಗಿವಿ ಪೂರ್ತಿ ಹೋಗಿದೆ ಅತ್ತಿಗೆ. ಬಲಗಿವಿ ಅರ್ಧ. ಡಾಕ್ಟ್ರು ಅದೂ ಉಳಿಯಲ್ಲ ಅಂದ್ರು. ಒಂದು ಯಂತ್ರ ಕೊಟ್ರು, ಹಾಕ್ಕೊಂಡೆ. ನಿಮ್ಮ ದನಿ ಡಬ್ಬದೊಳಗಿಂದ ಬಂದ ಹಾಗೆ ಕೇಳ್ತು! ತೆಗೆದು ಬೀರುವಿನಲ್ಲಿ ಇಟ್ಟೆ."

"ಮತ್ತೆ ಹಾಡ್ತಿರೋದು ಹೇಗೆ?"

"ನಿಮ್ಮ ಗಂಟಲು ನೋಡ್ಕೊಂಡು. ನಿಮ್ಮ ಭುಜ ನನ್ನ ಭುಜಕ್ಕೆ ತಾಗತ್ತಲ್ಲ, ಅದು ನಡುಗೋದು ಗೊತ್ತಾಗತ್ತೆ. ನೀವು ಉಸಿರು ಎಳ್ಕೊಂಡ್ರೆ ನಾನೂ ಎಳ್ಕೋತೀನಿ..." ಅವಳು ಅತ್ತಿಗೆಯ ಕೈಯನ್ನು ಬಿಗಿಯಾಗಿ ಹಿಡಿದುಕೊಂಡಳು. "ಅಣ್ಣಂಗೆ ಹೇಳ್ಬೇಡಿ! ಅವರು ನನ್ನನ್ನೂ ಮೆಟ್ಟಿಲ ಮೇಲಿಂದಲೇ ಕಳಿಸ್ತಾರೆ. ನನಗೆ ಬೇರೆ ಏನಿದೆ ಹೇಳಿ? ಹಾಡಿಲ್ಲದೆ ಇದ್ರೆ ಈ ಮನೇಲಿ ನಾನು ಯಾರು?"

ಇಬ್ಬರೂ ಹಾಡಲಿದ್ದ ದೊಡ್ಡ ಸಭಾಂಗಣದ ಕಾರ್ಯಕ್ರಮಕ್ಕೆ ಇನ್ನು ಎಂಟೇ ದಿನ.

ಆ ಎಂಟು ದಿನಗಳಲ್ಲಿ ಅವಳು ಅನುಭವಿಸಿದ ಭಯ ಆ ದೇವರಿಗೇ ಗೊತ್ತು! ಕರೆಗಂಟೆ ಬಾರಿಸಿದರೆ ನಾದಿನಿಗಿಂತ ಮೊದಲು ಓಡುತ್ತಿದ್ದಳು. ಗಂಡ ಕೆಳಗಿನಿಂದ ತಂಗಿಯನ್ನು ಕೂಗಿದರೆ, "ಅವಳು ಸ್ನಾನಕ್ಕೆ ಹೋಗಿದಾಳೆ ರೀ" ಎನ್ನುತ್ತಿದ್ದಳು. "ದಿನಕ್ಕೆ ಎಷ್ಟು ಸಲ ಸ್ನಾನ? ಮೀನಾಗಿದಾಳಾ?" ಎಂದು ಅವರು ಗೊಣಗಿದಾಗ ನಗಲು ಹೋಗಿ ಬಿಕ್ಕಳಿಸಿದಳು. ಅಭ್ಯಾಸಕ್ಕೆ ಕೂತಾಗ ಭುಜವನ್ನು ಇನ್ನಷ್ಟು ಒತ್ತಿ ಹಿಡಿಯುತ್ತಿದ್ದಳು. ಆದರೆ ಈಗ ಸತ್ಯ ಗೊತ್ತಾಗಿಬಿಟ್ಟಿತ್ತಲ್ಲ, ಕೇಳಬಾರದ್ದೆಲ್ಲ ಕೇಳಿಸತೊಡಗಿತು. ಸಾಲಿನ ಕೊನೆಯಲ್ಲಿ ನಾದಿನಿಯ ದನಿ ಕೂದಲೆಳೆಯಷ್ಟು ಕೆಳಗೆ ಜಾರುತ್ತಿತ್ತು.

ನಾಲ್ಕನೇ ದಿನ ಗಂಡ ಅವಳನ್ನು ಅಂಗಡಿಗೆ ಕರೆದರು. ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಅಭ್ಯಾಸದ ರೆಕಾರ್ಡಿಂಗ್ ಕೇಳುತ್ತಿದ್ದರು. ಅದನ್ನು ಕಳಚಿ ಮೇಜಿನ ಮೇಲಿಟ್ಟರು.

"ಇಬ್ಬರಲ್ಲಿ ಒಬ್ಬರು ಜಾರ್ತಿದೀರ. ಒಂದೇ ಮೈಕು, ದನಿ ಬೇರೆ ಮಾಡಿ ಕೇಳೋಕಾಗಲ್ಲ. ಯಾರು?"

ಅದೇ ಹೊತ್ತಿಗೆ ನಾದಿನಿ ಅಣ್ಣನಿಗೆ ಕಾಫಿ ಹಿಡಿದುಕೊಂಡು ಬಾಗಿಲಿಗೆ ಬಂದು ನಿಂತಳು. ಗಂಡ ಹೆಂಡತಿ ಇಬ್ಬರ ಬೆನ್ನೂ ಬಾಗಿಲ ಕಡೆಗಿತ್ತು, ಅವರ ತುಟಿ ಅವಳಿಗೆ ಕಾಣುತ್ತಿರಲಿಲ್ಲ.

"ಯಾರು ಅಂದೆ!"

"ನಾನು" ಎಂದಳು ಅತ್ತಿಗೆ. "ಶ್ರುತಿ ತಪ್ಪಿದ್ದು ನಾನು. ವಯಸ್ಸಾಯ್ತಲ್ಲ... ಗಂಟಲು ಹಿಡಿತಕ್ಕೆ ಸಿಗ್ತಿಲ್ಲ."

ಅವರು ಹೆಡ್‌ಫೋನಿನ ವೈರು ಸುತ್ತಿಟ್ಟರು. "ಹಾಗಿದ್ರೆ ನೀನು ಮನೇಲಿ ಕೂತ್ಕೋ. ನಮ್ಮ ಸೊಸೆ ಹಾಡ್ತಾಳೆ. ಶಾಲೇಲಿ ಮಕ್ಕಳಿಗೆ ಸಂಗೀತ ಹೇಳ್ಕೊಡ್ತಾಳೆ, ಶ್ರುತಿ ಗಟ್ಟಿ ಇದೆ." ಮೂವತ್ತಾರು ವರ್ಷ! ಒಂದು ಬಲ್ಬ್ ಕೆಟ್ಟಿತು, ಬದಲಾಯಿಸಿ ಎಂಬಷ್ಟು ಸಲೀಸಾಗಿ ಆ ಮಾತು ಮುಗಿಯಿತು.

"ಏನಣ್ಣ, ಅತ್ತಿಗೇನ ಹೊಗಳ್ತಿದೀರಾ?" ಎಂದು ನಾದಿನಿ ನಗುತ್ತಾ ಒಳಬಂದು ಲೋಟ ಇಟ್ಟಳು. ಅತ್ತಿಗೆ ಅವಳಿಗೆ ಕಾಣುವ ಹಾಗೆ ತಿರುಗಿ ನಕ್ಕಳು.

ಅತ್ತಿಗೆಗೆ ಗಂಟಲು ನೋವು, ವಿಶ್ರಾಂತಿ ಬೇಕು ಎಂದು ಮಾತ್ರ ನಾದಿನಿಗೆ ತಿಳಿಸಲಾಯಿತು. ಮರುದಿನ ಸೊಸೆ ಅವಳ ಪಕ್ಕ ಅಭ್ಯಾಸಕ್ಕೆ ಕೂತಳು. ಅತ್ತಿಗೆ ಅಡುಗೆಮನೆಯಲ್ಲಿ ನಿಂತು, ಮಹಡಿಯಿಂದ ಬರುವ ಒಂದೊಂದು ಸಾಲಿಗೂ ಕಣ್ಣು ಮುಚ್ಚಿಕೊಳ್ಳುತ್ತಿದ್ದಳು. ತಾನು ಕೊಟ್ಟದ್ದು ತನ್ನ ಹಾಡನ್ನು. ಅದರಿಂದ ನಾದಿನಿಯ ಹಾಡು ಉಳಿದರೆ ಸಾಕು ಎಂದುಕೊಂಡಿದ್ದಳು. ಆದರೆ ಎಂಥ ತಪ್ಪು ಮಾಡಿದ್ದೇನೆಂದು ಅವಳಿಗೆ ಆ ಮೊದಲ ಹಾಡಿನಲ್ಲೇ ಹೊಳೆಯಿತು. ಸೊಸೆಯ ಭುಜ ಬೇರೆ. ಅವಳ ಉಸಿರು ಬೇರೆ. ನಾದಿನಿಗೆ ಹಿಡಿದುಕೊಳ್ಳಲು ಅಲ್ಲಿ ಏನೂ ಇರಲಿಲ್ಲ! ದನಿ ಅತ್ತ ಹೋಯಿತು, ಇತ್ತ ಬಂತು, ನಡುಸಾಲಿನಲ್ಲಿ ನಿಂತೇಹೋಯಿತು.

ಮೊದಲು ಇಳಿದು ಬಂದವಳು ಸೊಸೆ. ಅವಳ ಮುಖ ಬಿಳಿಚಿಕೊಂಡಿತ್ತು. "ಅತ್ತೆ, ತಪ್ಪಿದ್ದು ನೀವಲ್ಲ ಅಲ್ವಾ? ಅವರಿಗೆ ನಾನು ಹಾಡೋದು ಕೇಳಿಸ್ತಾನೇ ಇಲ್ಲ. ನಿಮ್ಮ ಜಾಗ ನಂಗೆ ಬೇಡ ಅತ್ತೆ, ಕೈ ಮುಗೀತೀನಿ. ಅಲ್ಲಿ ಕೂತ್ರೆ ಹೆದರಿಕೆ ಆಗತ್ತೆ."

ಅವಳ ಹಿಂದೆಯೇ ನಾದಿನಿ ಇಳಿದಳು. ಶ್ರುತಿ ತಪ್ಪಿದ್ದು ಅತ್ತೆಯೇ ಎಂದು ಮಾವ ತನಗೆ ಹೇಳಿದ್ದನ್ನು ಸೊಸೆ ಕಾಗದದ ಮೇಲೆ ಬರೆದು ತೋರಿಸಿದ್ದಳು. ನಾದಿನಿ ಅತ್ತಿಗೆಯ ಕಡೆ ನೋಡಲಿಲ್ಲ. ನೇರವಾಗಿ ಅಂಗಡಿಗೆ ಹೋಗಿ ಅಣ್ಣನ ಮುಂದೆ ನಿಂತಳು.

"ನಾನು ಕಿವುಡಿ ಅಣ್ಣ. ಎರಡು ವರ್ಷದಿಂದ. ಅತ್ತಿಗೆ ಸುಳ್ಳು ಹೇಳಿದ್ರು. ಕಳಿಸೋದಿದ್ರೆ ನನ್ನ ಕಳಿಸಿ."

ಅವರು ಎದ್ದು ನಿಂತರು. ಕುರ್ಚಿ ಹಿಂದಕ್ಕೆ ಬಿತ್ತು. "ಎರಡು ವರ್ಷ! ಇಬ್ಬರೂ ಸೇರಿ ನನ್ನ ಮುಂದೆ ನಾಟಕ ಆಡಿದ್ರಾ? ಸಾವಿರ ಜನ ಬರ್ತಾರೆ. ಅವರ ಮುಂದೆ ಮರ್ಯಾದೆ ಕಳೀಬೇಕು ಅಂತಿದ್ರಾ? ಈಗಲೇ ಫೋನ್ ಮಾಡ್ತೀನಿ. ಕಾರ್ಯಕ್ರಮ ಇಲ್ಲ!"

"ಮಾಡಿ ನೋಡಿ!"

ಕೂಗಿದವಳು ಹಿಂದೆಯೇ ಓಡಿ ಬಂದಿದ್ದ ಅತ್ತಿಗೆ. ಮದುವೆಯಾದಾಗಿನಿಂದ ಅವಳು ಗಂಡನ ಎದುರು ದನಿ ಏರಿಸಿದ್ದು ಅದೇ ಮೊದಲು. ಮೇಜಿನ ಅಂಚು ಹಿಡಿದುಕೊಂಡಳು. "ಜನ ಶ್ರುತಿ ಅಳೆಯೋಕೆ ಬರ್ತಾರಾ ರೀ? ಅಷ್ಟೇ ಆಗಿದ್ರೆ ನಮಗಿಂತ ಚೆನ್ನಾಗಿ ಹಾಡೋರು ಬೀದಿಗೊಬ್ಬರಿದಾರೆ. ತಮ್ಮನೆ ಅಜ್ಜಿ, ತಮ್ಮನೆ ಅತ್ತೆ ಹಾಡಿದ ಹಾಗಿದೆ ಅಂತ ಬರ್ತಾರೆ. ನಿಮ್ಮಮ್ಮ ಯಾವ ಶ್ರುತಿಪೆಟ್ಟಿಗೆ ಇಟ್ಕೊಂಡು ನಿಮ್ಮನ್ನ ಮಲಗಿಸಿದ್ರು? ಹೇಳಿ! ಚಿಕ್ಕಿ ಹಾಡದ ಕಡೆ ನಾನೂ ಹಾಡಲ್ಲ. ಇನ್ನು ಮೇಲೆ ಈ ಮನೇಲಿ ಹಾಡೇ ಇರಲ್ಲ!"

ಅವರು ಇಬ್ಬರನ್ನೂ ಹೊರಗೆ ಬಿಟ್ಟು, ಅಂಗಡಿಯ ಶಟರ್ ಒಳಗಿನಿಂದ ಎಳೆದುಕೊಂಡರು.

ಮುಂದಿನ ಮೂರು ದಿನವೂ, ಅವರು ಫೋನ್ ಮಾಡಿದರೋ ಬಿಟ್ಟರೋ ಕೇಳುವ ಧೈರ್ಯ ಯಾರಿಗೂ ಬರಲಿಲ್ಲ. ಕಾರ್ಯಕ್ರಮದ ದಿನ ಮಧ್ಯಾಹ್ನ ಕೆಳಗೆ ಸ್ಪೀಕರ್ ಪೆಟ್ಟಿಗೆಗಳನ್ನು ಗಾಡಿಗೆ ಏರಿಸುವ ಸದ್ದು ಕೇಳಿ ಅತ್ತಿಗೆ ಕಿಟಕಿಗೆ ಓಡಿದಳು. ಅವರೇ ವೈರುಗಳ ಸುರುಳಿಯನ್ನು ಹೆಗಲಿಗೆ ಹಾಕಿಕೊಂಡು ನಿಂತಿದ್ದರು. ಮೇಲಕ್ಕೆ ನೋಡಲಿಲ್ಲ.

ಸಭಾಂಗಣ ಕಿಕ್ಕಿರಿದಿತ್ತು. ಗೋಡೆಗಳುದ್ದಕ್ಕೂ ಜನ ನಿಂತಿದ್ದರು. ಪರದೆಯ ಹಿಂದೆ ನಾದಿನಿ ಅತ್ತಿಗೆಯ ಕೈ ಹಿಡಿದುಕೊಂಡಳು. "ಅತ್ತಿಗೆ, ಓಡಿಹೋಗೋಣ್ವಾ?" ಎಂದಳು. "ಓಡೋಕೆ ಮೊಣಕಾಲು ಎಲ್ಲಿದೆ ನಂಗೆ?" ಎಂದಳು ಅತ್ತಿಗೆ. ಇಬ್ಬರೂ ನಕ್ಕರು, ನಗುತ್ತಲೇ ಕಣ್ಣೊರೆಸಿಕೊಂಡರು. ಅಂದು ಅವರು ಸಭೆಯ ಕಡೆ ಮುಖ ಮಾಡಿ ಕೂರಲಿಲ್ಲ. ಮೈಕನ್ನು ನಡುವೆ ಇಟ್ಟುಕೊಂಡು, ಮೊಣಕಾಲಿಗೆ ಮೊಣಕಾಲು ತಾಗಿಸಿ, ಎದುರುಬದುರು ಕೂತರು. ಸಭೆಯ ಹಿಂದೆ, ಸದ್ದು ತಿದ್ದುವ ಗುಂಡಿಗಳ ಹಲಗೆಯ ಮುಂದೆ ಗಂಡ ಹೆಡ್‌ಫೋನ್ ಹಾಕಿಕೊಂಡು ಕೂತದ್ದು ಅತ್ತಿಗೆಗೆ ದೂರದಿಂದ ಕಂಡಿತು. ಅವರು ಅಲ್ಲಿಂದ ಹಾಕಿದ ಶ್ರುತಿ ಸಣ್ಣಗೆ ಮೊರೆಯತೊಡಗಿತು.

ಮೊದಲ ಹಾಡು ದಡ ಸೇರಿತು. ಎರಡನೆಯದರ ನಡುವೆ ನಾದಿನಿ ಜಾರಿದಳು. ಈ ಸಲ ಕೂದಲೆಳೆಯಷ್ಟಲ್ಲ, ಒಂದು ಮೆಟ್ಟಿಲು! ಶ್ರುತಿ ಒಂದು ಕಡೆ, ನಾದಿನಿ ಒಂದು ಕಡೆ. ಅತ್ತಿಗೆ ಕಣ್ಣು ಮಿಟುಕಿಸುವಷ್ಟು ಹೊತ್ತು ತಡೆದಳು. ಆಮೇಲೆ ಜೀವಮಾನವಿಡೀ ಕಾಪಾಡಿಕೊಂಡು ಬಂದ ಶ್ರುತಿಯನ್ನು ಬಿಟ್ಟು, ನಾದಿನಿ ಇದ್ದಲ್ಲಿಗೆ ಇಳಿದುಬಿಟ್ಟಳು. ಇಬ್ಬರ ದನಿ ಮತ್ತೆ ಒಂದಾಯಿತು. ಹಿಂದೆ ಶ್ರುತಿ ಮಾತ್ರ ಬೇರೆಯಾಗಿ, ಗರಗಸದಂತೆ ಕರಕರ ಎನ್ನುತ್ತಿತ್ತು. ಮುಂದಿನ ಸಾಲಿನವರು ಮುಖ ಮುಖ ನೋಡಿಕೊಂಡರು. ಈಗ ಗಂಡ ಎದ್ದು ಮೈಕ್ ನಿಲ್ಲಿಸುತ್ತಾರೆ... ಈಗ ನಿಲ್ಲಿಸುತ್ತಾರೆ...

ನಿಂತದ್ದು ಶ್ರುತಿ.

ಅವರು ಅದನ್ನು ಆರಿಸಿಬಿಟ್ಟಿದ್ದರು! ಮೊರೆತವಿಲ್ಲದ ಆ ನಿಶ್ಶಬ್ದದಲ್ಲಿ ಉಳಿದದ್ದು ಎರಡು ಹೆಂಗಸರ ದನಿ ಮಾತ್ರ, ಹಿತ್ತಿಲಲ್ಲಿ ಕೆಲಸ ಮಾಡುತ್ತಾ ಹಾಡಿಕೊಳ್ಳುವವರ ಹಾಗೆ. ತಪ್ಪಿತು ಎನ್ನಲು ಅಲ್ಲಿ ಇನ್ನು ಅಳತೆಗೋಲೇ ಇರಲಿಲ್ಲ. ಎಲ್ಲಿಗೆ ಇಳಿದರೆ ಅಲ್ಲಿಗೆ ಇಬ್ಬರೂ ಇಳಿದರು. ಎಲ್ಲಿಗೆ ಏರಿದರೆ ಅಲ್ಲಿಗೆ ಏರಿದರು. ಒಂಬತ್ತು ಹಾಡು. ಕೊನೆಗೆ ಜನ ಎದ್ದು ನಿಂತದ್ದನ್ನು ನಾದಿನಿ ನೋಡಿಯೇ ತಿಳಿದಳು.

ಎಲ್ಲ ಚದುರಿದ ಮೇಲೆ ಅವರು ವೇದಿಕೆಗೆ ಬಂದರು. ತಂಗಿಯ ಮುಂದೆ, ತಮ್ಮ ಮುಖಕ್ಕೆ ದೀಪ ಬೀಳುವ ಹಾಗೆ ನಿಂತು, ನಿಧಾನವಾಗಿ ತುಟಿ ಆಡಿಸಿದರು. "ಮೊದಲೇ ಯಾಕೆ ಹೇಳಲಿಲ್ಲ?"

"ನಿಮಗೆ ಹೆದರಿದ್ದೆ ಅಣ್ಣ."

"ನಂಗಾ..?" ಅವರು ಅಲ್ಲೇ ಸ್ಪೀಕರ್ ಪೆಟ್ಟಿಗೆಯ ಮೇಲೆ ಕುಸಿದು ಕೂತರು. ಕನ್ನಡಕ ತೆಗೆದು ಒರೆಸಿದರು, ಮತ್ತೆ ಒರೆಸಿದರು. ಹೆಂಡತಿಯ ಕಡೆ ತಿರುಗಿ, "ನೀನೂನಾ?" ಎಂದರು. ಅವಳು ಹೌದೆಂದು ತಲೆಯಾಡಿಸಿದಳು. ಅಷ್ಟು ದೊಡ್ಡ ಮನುಷ್ಯ ಮಗುವಿನಂತೆ ಅತ್ತದ್ದನ್ನು ಅವರಿಬ್ಬರೂ ಅಂದೇ ನೋಡಿದ್ದು.

ಅದಾಗಿ ಹನ್ನೊಂದು ತಿಂಗಳಾಯಿತು. ಅತ್ತಿಗೆ-ನಾದಿನಿ ಇನ್ನೂ ಹಾಡುತ್ತಾರೆ, ಎದುರುಬದುರು ಕೂತು, ಶ್ರುತಿಯಿಲ್ಲದೆ. ಸಭೆಗಳಲ್ಲಿ ಈಗಲೂ ಕುರ್ಚಿ ಸಾಲುವುದಿಲ್ಲ. ಆದರೆ ಬಲಗಿವಿ ದಿನದಿನಕ್ಕೆ ಕುಂದುತ್ತಿದೆ, ಯಾವ ದಿನ ಪೂರ್ತಿ ಹೋಗುತ್ತದೋ ಹೇಳಲಾಗದು ಎಂದು ಡಾಕ್ಟರು ಸ್ಪಷ್ಟವಾಗಿ ಹೇಳಿದ್ದಾರೆ. ಅದಕ್ಕೇ ಪ್ರತಿದಿನ ಬೆಳಗ್ಗೆ, ನಾದಿನಿ ಹಾಸಿಗೆಯಲ್ಲಿ ಎದ್ದು ಕೂರುತ್ತಿದ್ದಂತೆ, ಅತ್ತಿಗೆ ಪಕ್ಕದಲ್ಲಿ ಕೂತು ಆ ಕಿವಿಗೆ ಬಾಯಿ ತಾಗಿಸಿ ಒಂದೇ ಒಂದು ಸಾಲು ಹಾಡುತ್ತಾಳೆ. ಹಾಡಿ ಮುಗಿಸಿದ ಮೇಲೆ ತಕ್ಷಣ ತಲೆಯೆತ್ತಿ ಅವಳ ಮುಖ ನೋಡಲು ಧೈರ್ಯ ಬರುವುದಿಲ್ಲ. ಹೊದಿಕೆಯ ಅಂಚನ್ನೇ ನೋಡುತ್ತಾ ಕಾಯುತ್ತಾಳೆ.

"ಕೇಳಿಸ್ತು ಅತ್ತಿಗೆ" ಎನ್ನುತ್ತಾಳೆ ನಾದಿನಿ. ಇಂದು ಬೆಳಗ್ಗೆಯೂ ಅಂದಳು.