ಆರನೇ ಮೇಜಿನ ಒಂಬತ್ತು ಸೆಕೆಂಡು

ನಮ್ಮ ಕಂಟ್ರೋಲ್ ರೂಮಿನಿಂದ ಕಳಿಸುವ ಆಂಬುಲೆನ್ಸ್‌ಗಳು ಪ್ರತಿ ಸಲವೂ ಒಂಬತ್ತು ಸೆಕೆಂಡು ತಡವಾಗಿ ಹೊರಡುತ್ತಿದ್ದವು. ಏನಾದರೂ ಕೆಟ್ಟರೆ ಎಚ್ಚರಿಸಬೇಕಾದ ಕಂಪ್ಯೂಟರಿನ ಅಲಾರಂ ಮಾತ್ರ ಒಮ್ಮೆಯೂ ಹೊಡೆದಿರಲಿಲ್ಲ.

“ಅಲಾರಂ ಹೊಡೆದಿಲ್ಲ ಅಂದ್ಮೇಲೆ ಎಲ್ಲ ಸರಿಯಾಗೇ ಇದೆ ಕಣೋ,” ಅಂದರು ಮೇಲ್ವಿಚಾರಕರು.

“ಉಸಿರುಗಟ್ಟಿದವರಿಗೆ ಒಂಬತ್ತು ಸೆಕೆಂಡು ಸಣ್ಣದಲ್ಲ ಸಾರ್.”

ಕರೆ ಬಂದ ಕ್ಷಣದಿಂದ ಗಾಡಿ ಹೊರಡುವವರೆಗೆ, ಪ್ರೋಗ್ರಾಮಿನ ಹೆಜ್ಜೆಹೆಜ್ಜೆಗೂ ಸಮಯ ಬರೆದಿಡುವ ಸಾಲು ಸೇರಿಸಿದೆ. ಮಧ್ಯಾಹ್ನದೊಳಗೆ ಕಳ್ಳ ಸಿಕ್ಕಿಬಿದ್ದ. ಪ್ರತಿ ಕರೆಯೂ ಆರನೇ ಮೇಜಿನ ಒಪ್ಪಿಗೆಗೆ ಕಾಯುತ್ತಿತ್ತು! ವಿಳಾಸವನ್ನು ಎರಡು ಸಲ ಓದದೆ ಒಪ್ಪಿಗೆಯ ಗುಂಡಿ ಒತ್ತದ, ನಮ್ಮ ಜೊತೆ ಕೆಲಸಕ್ಕಿದ್ದ ಅಕ್ಕನ ಮೇಜು ಅದು. ಅವರು ತೀರಿಕೊಂಡ ಮೇಲೆ ಕಂಪ್ಯೂಟರ್ ಎತ್ತಿಟ್ಟಿದ್ದೆವು, ಪ್ರೋಗ್ರಾಮಿನ ಪಟ್ಟಿಯಿಂದ ಮೇಜನ್ನು ತೆಗೆಯಲು ಮರೆತಿದ್ದೆವು.

ಎದೆಯುಬ್ಬಿಸಿಕೊಂಡು ಮೇಲ್ವಿಚಾರಕರಿಗೆ ತೋರಿಸಿದೆ.

“ಭೇಷ್! ಕಾದು ಕಾದು, ಉತ್ತರ ಬರದೆ ಮುಂದೆ ಹೋಗ್ತಿತ್ತು, ಅಲ್ವಾ?”

ಇಲ್ಲ. ನನ್ನ ಅಳತೆ ಇವತ್ತಿಗೂ ತಪ್ಪಿಲ್ಲ. ಪ್ರತಿ ಸಲವೂ, ಒಂಬತ್ತನೇ ಸೆಕೆಂಡಿಗೆ, ಆ ಖಾಲಿ ಮೇಜಿನಿಂದ ಒಪ್ಪಿಗೆ ಬಂದಿತ್ತು.