ಇಣಿ ಇಲ್ಲದ ಎತ್ತು

“ನಮ್ಮ ಮೈಲ್ಯಾ ಎಲ್ಲ್ಯಾನವ್ವಾ?”

ಪಾಲಕರ ಸಭೆಗೆಂದು ಹೊಸ ರುಮಾಲು ಸುತ್ತಿಕೊಂಡು ಬಂದಿದ್ದ ಶಿದ್ಲಿಂಗಪ್ಪಜ್ಜ ಶಾಲೆಯ ಪಡಸಾಲೆಯಲ್ಲಿ ಕನ್ನಡಕ ಏರಿಸಿ ಹುಡುಕುತ್ತಿದ್ದ. ಅಲ್ಲಿ ಉದ್ದಕ್ಕೆ ಹಗ್ಗ ಕಟ್ಟಿ, ಬಟ್ಟೆ ಒಣಹಾಕುವ ಕ್ಲಿಪ್ಪುಗಳಿಂದ ಮಕ್ಕಳ ಚಿತ್ರಗಳನ್ನು ತೂಗುಹಾಕಿದ್ದರು.

“ಆ ಮೂಲ್ಯಾಗ ನೋಡಜ್ಜ. ಸ್ಟಾರ್ ಹಾಕ್ಯಾರಲ್ಲ, ಅದ!” ಎಂದಳು ಮೊಮ್ಮಗಳು ಭಾಗ್ಯಶ್ರೀ.

ಚಿತ್ರವೇನೋ ಭಾರಿ ಚೆಂದವಿತ್ತು. ಗಟ್ಟಿ ಕಾಲು, ಚೂಪು ಕೋಡು, ಹೊಳೆಯುವ ಮೈ. ಕೆಳಗೆ ಕೆಂಪು ಸ್ಕೆಚ್ ಪೆನ್ನಿನಲ್ಲಿ ದಪ್ಪಗೆ ಬರೆದಿತ್ತು: ‘ನಮ್ಮ ಮನೆಯ ಎತ್ತು ಮೈಲ್ಯಾ. ನೋಡಿ ಬಿಡಿಸಿದವಳು: ಭಾಗ್ಯಶ್ರೀ, ಐದನೇ ತರಗತಿ.’ ಸೋಮವಾರ ಅದು ಶಿಗ್ಗಾಂವಿಯ ಚಿತ್ರಸ್ಪರ್ಧೆಗೆ ಹೋಗುವುದಿತ್ತು.

ಅಜ್ಜ ಬಹಳ ಹೊತ್ತು ನೋಡಿದ. ಆಮೇಲೆ ಮೆಲ್ಲಗೆ ಕೇಳಿದ, “ಇದರ ಇಣಿ ಎಲ್ಲಿ ಹೋತವ್ವಾ?”

ಇಣಿ ಎಂದರೆ ಎತ್ತಿನ ಹೆಗಲ ಮೇಲೆ ಏಳುವ ಡುಬ್ಬ. ಅವರ ಊರು ಹಿರೇಬೆಂಡಿಗೇರಿಯಲ್ಲಿ ಇಣಿ ಇಲ್ಲದ ಎತ್ತನ್ನು ಇದುವರೆಗೆ ಯಾರೂ ಕಂಡಿರಲಿಲ್ಲ. ಭಾಗ್ಯಾಳ ಎತ್ತಿನ ಬೆನ್ನು ಮಾತ್ರ ಬೆಂಚಿನ ಹಾಗೆ ಸಪಾಟಾಗಿತ್ತು.

ಪಕ್ಕದಲ್ಲಿ ಹಸನಸಾಬ ನಿಂತಿದ್ದ. ಊರಿನ ಟ್ರ್ಯಾಕ್ಟರ್ ಟ್ರ್ಯಾಲಿಗಳ ಮೇಲೆಲ್ಲ ಎತ್ತಿನ ಚಿತ್ರ ಬಿಡಿಸುವವನು ಅವನೇ. ಅವನಿಗೆ ನಗು ತಡೆಯಲಿಲ್ಲ.

“ಶಿದ್ಲಿಂಗಪ್ಪಣ್ಣಾ, ಇದಕ್ಕ ನೊಗ ಹೂಡಿದ್ರ ಜಾರಿ ಬಾಲದ ಮಟಾ ಹೋಗತೈತಿ!”

ಸುತ್ತಲಿದ್ದವರೆಲ್ಲ ಗೊಳ್ಳೆಂದು ನಕ್ಕರು. ಭಾಗ್ಯಾಳ ಕಿವಿ ಬಿಸಿಯಾದವು.

ನಗು ಕೇಳಿ ಶೀಲಾ ಟೀಚರ್ ಬಂದರು. ಹುಬ್ಬಳ್ಳಿಯಲ್ಲಿ ಬೆಳೆದ ಅವರಿಗೆ ಇಣಿ ಇಲ್ಲದ್ದು ಹೊಳೆದೇ ಇರಲಿಲ್ಲ. “ಹೌದಲ್ಲ! ಭಾಗ್ಯಾ, ಎತ್ತು ನೋಡೇ ಬಿಡಿಸಿದಿ ಹೌದಿಲ್ಲೋ?”

ಭಾಗ್ಯಾ ಬಾಯಿ ಬಿಡುವಷ್ಟರಲ್ಲಿ ಅಜ್ಜ ಹೇಳಿದ, “ನೋಡೇ ಬಿಡಿಸ್ಯಾಳ್ರಿ ಟೀಚರ. ನಾಕ ದಿನಾ ದನದ ಮನ್ಯಾಗ ಕುಂತಿದ್ಲು. ಸಣ್ಣಾಕಿ, ಇಣಿ ಒಂದು ಬಿಟ್ಟಾಳ.”

ಭೂಮಿ ಬಾಯಿ ತೆರೆದು ನುಂಗಬಾರದೇ ಅನ್ನಿಸಿತು ಭಾಗ್ಯಾಳಿಗೆ. ಏಕೆಂದರೆ ನಾಲ್ಕು ದಿನ ಹಾಗಿರಲಿ, ಅವಳು ಅಲ್ಲಿ ಕುಳಿತದ್ದು ಹತ್ತೇ ನಿಮಿಷ.

ಆ ಹತ್ತು ನಿಮಿಷದಲ್ಲಿ ಮೈಲ್ಯಾ ಒಂದು ಗಳಿಗೆ ಸುಮ್ಮನೆ ನಿಂತಿರಲಿಲ್ಲ. ತಲೆ ಆಡಿಸಿದ, ಬಾಲ ಬೀಸಿದ, ತಿರುಗಿ ನಿಂತ. ಬಿಡಿಸಿದ್ದು ಎತ್ತೂ ಆಗಲಿಲ್ಲ, ಆಡೂ ಆಗಲಿಲ್ಲ. ಸಿಟ್ಟು ಬಂದು ಅಪ್ಪನ ಮೊಬೈಲ್ ತೆಗೆದುಕೊಂಡು ‘ಬುಲ್ ಡ್ರಾಯಿಂಗ್’ ಎಂದು ಹುಡುಕಿದ್ದಳು. ಯಾವ ದೇಶದ್ದೋ ಒಂದು ಗೂಳಿ ಬಂತು. ಬೆಳಕು ಹೆಚ್ಚಿಸಿ, ಮೊಬೈಲ್ ಮೇಲೆ ಹಾಳೆ ಇಟ್ಟು ಗೀಟಿನ ಮೇಲೆ ಗೀಟು ಎಳೆದಳು. ನಾಲ್ಕು ಕಾಲು, ಎರಡು ಕೋಡು, ಒಂದು ಬಾಲ ಇದ್ದರೆ ಸಾಕು, ಯಾರಿಗೆ ತಿಳಿಯುತ್ತದೆ ಅಂದುಕೊಂಡಿದ್ದಳು. ಅಜ್ಜ ಹೊಲದಿಂದ ಬಂದು ಕೇಳಿದಾಗ, “ನಾಕ ದಿನಾ ಕುಂತು ಬಿಡಿಸೇನಜ್ಜ” ಎಂದು ಜಂಬ ಬೇರೆ ಕೊಚ್ಚಿದ್ದಳು.

ಮನೆಗೆ ಹೋಗುವಾಗ ಅಜ್ಜ ಅವಳು ಇಷ್ಟಪಟ್ಟು ತಿನ್ನುವ ಸವಣೂರ ಖಾರದ ಪೊಟ್ಟಣ ಕೊಡಿಸಿದ. ಬೇರೆ ದಿನವಾಗಿದ್ದರೆ ಅದು ಓಣಿ ಮುಟ್ಟುವುದರೊಳಗೆ ಖಾಲಿಯಾಗುತ್ತಿತ್ತು. ಇವತ್ತು ಅವಳು ಪೊಟ್ಟಣ ಬಿಚ್ಚಲೇ ಇಲ್ಲ. ಅಜ್ಜ ಚಿತ್ರದ ಸುದ್ದಿಯನ್ನೇ ಎತ್ತಲಿಲ್ಲ.

ಸಂಜೆ ಅವನು ಮೈಲ್ಯಾನಿಗೆ ಮೇವು ಹಾಕುತ್ತಿದ್ದಾಗ ಭಾಗ್ಯಾ ಬಾಗಿಲಲ್ಲಿ ಬಂದು ನಿಂತಳು. ಮೈಲ್ಯಾನ ಇಣಿ ಅಷ್ಟೆತ್ತರಕ್ಕೆ ಎದ್ದು ಕಾಣುತ್ತಿತ್ತು. ಅದು ನಿನ್ನೆಯೂ ಇತ್ತು, ಮೊನ್ನೆಯೂ ಇತ್ತು.

“ಅಜ್ಜ, ನಾ ಕುಂತಿದ್ದಿಲ್ಲ. ಮೊಬೈಲ್ ಮ್ಯಾಲ ಹಾಳಿ ಇಟ್ಟು ಬಿಡಿಸಿದೆ.”

“ಗೊತ್ತಾತು. ನಾಕ ದಿನಾ ಇವನ ಮುಂದ ಕುಂತಾಕಿ ಇಣಿ ಮರಿಯೂದಿಲ್ಲ.”

“ಮತ್ತ ಟೀಚರ್ ಮುಂದ ಯಾಕ ಸುಳ್ಳು ಹೇಳಿದಿ?”

ಅಜ್ಜ ಮೇವಿನ ಸಿವುಡು ಕೆಳಗಿಟ್ಟ. “ನಂದೇನೈತಿ ಅದರಾಗ? ನೀ ನನಗ ಹೇಳಿದ ಮಾತನ್ನ ನಾ ಅವರಿಗೆ ಹೇಳಿದೆ.”

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಒಂದು ಏಟು ಕೊಟ್ಟಿದ್ದರೂ ಇಷ್ಟು ನೋಯುತ್ತಿರಲಿಲ್ಲ. ಅಷ್ಟು ಜನರ ನಡುವೆ ಅಜ್ಜನ ಬಾಯಲ್ಲಿ ತನ್ನ ಸುಳ್ಳು! ಭಾಗ್ಯಾ ಕಂಬದ ಹಿಂದೆ ಮುಖ ಮುಚ್ಚಿಕೊಂಡು ಅತ್ತಳು. ಅಜ್ಜ ಸಮಾಧಾನ ಮಾಡಲಿಕ್ಕೆ ಬರಲಿಲ್ಲ.

ಮರುದಿನ ರವಿವಾರ. ಹಸನಸಾಬ ಬಯಲಲ್ಲಿ ಒಂದು ಟ್ರ್ಯಾಲಿಗೆ ಬಣ್ಣ ಹಚ್ಚುತ್ತಿದ್ದ. ನಿನ್ನೆ ನಕ್ಕವನ ಎದುರು ಹೋಗಲು ಭಾಗ್ಯಾಳಿಗೆ ನಾಚಿಕೆ. ಎರಡು ಸಲ ಅರ್ಧ ದಾರಿ ಹೋಗಿ ತಿರುಗಿ ಬಂದಳು. ಮೂರನೇ ಸಲ ಹೋಗಿ ಕೇಳಿಯೇ ಬಿಟ್ಟಳು, “ಕಾಕಾ, ನೀವು ಎತ್ತು ಹೆಂಗ ಬಿಡಸ್ತೀರಿ?”

ಅವನು ನಗಲಿಲ್ಲ. ಸೀಮೆಸುಣ್ಣ ತೆಗೆದುಕೊಂಡು ಟ್ರ್ಯಾಲಿಯ ತಗಡಿನ ಮೇಲೆ ಮೊದಲು ಒಂದು ಗುಂಡನೆಯ ಏರು ಎಳೆದ. “ನಾ ಇಣಿಯಿಂದ ಸುರು ಮಾಡ್ತೇನಿ. ಆಮ್ಯಾಲ ಕೈ ಎತ್ತೂದಿಲ್ಲ, ಬಾಲದ ತನಕಾ ಒಂದ ಗೀಟು. ಕಾಲು ಕಡೀಕ.” ನೋಡನೋಡುತ್ತಲೇ ಎತ್ತು ಎದ್ದು ನಿಂತಿತು.

“ಕಾಕಾ, ಇದನ್ನ ನನ್ನ ಹಾಳಿ ಮ್ಯಾಲ ಬಿಡಿಸಿಕೊಡ್ರಿ,” ಎಂದಳು ಭಾಗ್ಯಾ. ಅಂದಕೂಡಲೇ ನಾಲಿಗೆ ಕಚ್ಚಿಕೊಂಡಳು.

ಹಸನಸಾಬ ಬಟ್ಟೆಯಿಂದ ಎತ್ತನ್ನು ಒರೆಸಿಬಿಟ್ಟ. “ಗೀಟು ಎಳಿಯೂದು ಬೇಕಾದ್ರ ನನ್ನಿಂದ ಕಲಿ. ಎತ್ತು ನಿಮ್ಮ ಮನ್ಯಾಗ ಐತಿ, ಹೋಗು.”

ಭಾಗ್ಯಾ ಮನೆಗೆ ಓಡಿ ಮೈಲ್ಯಾನ ಮುಂದೆ ಕುಳಿತಳು. ಇಣಿಯಿಂದ ಸುರು ಮಾಡಿ ಒಂದೇ ಗೀಟಿನಲ್ಲಿ ಬಾಲಕ್ಕೆ ಬಂದಳು. ಸೊಟ್ಟ. ಇನ್ನೊಂದು ಹಾಳೆ. ಮೈಲ್ಯಾ ತಿರುಗಿದರೆ ಅವಳೂ ಎದ್ದು ಆ ಕಡೆ ಹೋದಳು. ಮಧ್ಯಾಹ್ನದ ಹೊತ್ತಿಗೆ ಅವಳಿಗೆ ಕಂಡಿತು: ಹಸನಸಾಬನ ಎತ್ತಿನ ಇಣಿ ನೆಟ್ಟಗೆ, ಮೈಲ್ಯಾನ ಇಣಿ ಒಂದು ಕಡೆ ವಾಲಿದೆ. ಎಡಗೋಡು ತುಸು ಮುಂದೆ ಬಾಗಿದೆ. ಕುತ್ತಿಗೆಯ ಮೇಲೆ ನೊಗ ಉಜ್ಜಿ ಕೂದಲೇ ಇಲ್ಲ. ಬಲಗಿವಿಯ ತುದಿ ಹರಿದಿದೆ. ಹುಟ್ಟಿದಾಗಿನಿಂದ ಇದೇ ಮನೆಯಲ್ಲಿದ್ದೂ ಇದ್ಯಾವುದೂ ಅವಳಿಗೆ ಗೊತ್ತಿರಲಿಲ್ಲ. ಮೈಲ್ಯಾನ ಮುಖ ನೋಡಲೂ ನಾಚಿಕೆಯಾಯಿತು.

ಸೋಮವಾರ ಶೀಲಾ ಟೀಚರಿಗೆ ಎಲ್ಲ ಹೇಳುವಾಗ ಭಾಗ್ಯಾಳ ದನಿ ಅವಳಿಗೇ ಕೇಳುತ್ತಿರಲಿಲ್ಲ. “ನಮ್ಮಜ್ಜಂದೇನೂ ತಪ್ಪಿಲ್ರಿ ಟೀಚರ್. ನಾನ ಅವಗ ಸುಳ್ಳು ಹೇಳಿದ್ದೆ.”

ಟೀಚರ್ ಹಗ್ಗದಿಂದ ಸ್ಟಾರ್ ಇದ್ದ ಹಾಳೆ ತೆಗೆದರು. ಶಿಗ್ಗಾಂವಿಗೆ ಅವಳದೇ ತರಗತಿಯ ಶ್ವೇತಾ ಬಿಡಿಸಿದ ಕೋಳಿಯ ಚಿತ್ರ ಹೋಯಿತು. ಭಾಗ್ಯಾ ಚೀಲದಿಂದ ನಿನ್ನೆ ಬಿಡಿಸಿದ ಚಿತ್ರ ತೆಗೆದು ಟೀಚರಿಗೆ ಕೊಟ್ಟಳು.

ಟೀಚರ್ ಅವಳ ಹೊಸ ಹಾಳೆಯನ್ನು ಖಾಲಿ ಜಾಗದಲ್ಲಿ ಹಿಡಿದು ನೋಡಿದರು. ಮೈಲ್ಯಾನ ಕಾಲು ಸೊಟ್ಟ ಇದ್ದವು. ಇಣಿ ಒಂದು ಕಡೆ ವಾಲಿತ್ತು. “ಕೆಳಗ ಏನೂ ಬರದಿಲ್ಲಲ್ಲ?” ಎಂದು ಹಾಳೆ ವಾಪಸು ಕೊಟ್ಟರು.

ಭಾಗ್ಯಾ ಪೆನ್ಸಿಲ್ ತೆಗೆದಳು. ‘ನಮ್ಮ ಮನೆಯ ಎತ್ತು ಮೈಲ್ಯಾ’ ಎಂದು ಬರೆದಳು. ‘ನೋಡಿ’ ಎನ್ನುವಲ್ಲಿ ಕೈ ನಿಂತಿತು. ಕಣ್ಣು ಮುಚ್ಚಿಕೊಂಡಳು. ಹರಿದ ಕಿವಿ ಯಾವುದು? ಬಲಗಿವಿ. ಕಣ್ಣು ತೆರೆದು ಚಿತ್ರ ನೋಡಿದಳು. ಅಲ್ಲಿಯೂ ಬಲಗಿವಿಯೇ.

ಆಮೇಲೆ ಸಣ್ಣ ಅಕ್ಷರಗಳಲ್ಲಿ ಉಳಿದದ್ದನ್ನು ಬರೆದಳು: ‘ನೋಡಿ ಬಿಡಿಸಿದವಳು: ಭಾಗ್ಯಶ್ರೀ.’