ಹನ್ನೆರಡನೇ ಮಂಚದ ಸಾಲು

ಮಧ್ಯಾಹ್ನ ಮೂರಕ್ಕೇ ನಾನು ಸಂಜೆಯ ಜ್ವರದ ರಿಜಿಸ್ಟರು ತುಂಬುತ್ತಿದ್ದೆ. 1962ರಲ್ಲಿ ಜನ್ನಾಪುರದ ವೃದ್ಧಾಶ್ರಮದಲ್ಲಿ ಮೂವತ್ತೆರಡು ಅಜ್ಜಿಯರಿಗೆ ನಾನೊಬ್ಬಳೇ ನರ್ಸ್. ದಿನಾ ತುಂಬಬೇಕಾದ ರಿಜಿಸ್ಟರು ಏಳು. ಹಾಗಾಗಿ ಥರ್ಮಾಮೀಟರ್ ಇಡದೆಯೇ ಎಲ್ಲರಿಗೂ 98.4 ಎಂದು ಬರೆದುಬಿಡುತ್ತಿದ್ದೆ.

"ಹನ್ನೆರಡು, ಶಂಕರಮ್ಮ" ಎಂದು ಗುನುಗುತ್ತಾ ಬರೆದೆ.

"ಏನ್ ಸಿಸ್ಟರಮ್ಮಾ, ಮಣ್ಣಾದವರಿಗೂ ಜ್ವರ ನೋಡ್ತೀರಾ?" ಆಯಾ ರೋಶನ್ ಬೀ ನಕ್ಕಳು.

ಶಂಕರಮ್ಮ ಹಿಂದಿನ ದಿನವಷ್ಟೇ ತೀರಿಕೊಂಡಿದ್ದರು, ಉಳಿದವರು ಮೂವತ್ತೊಂದು ಜನ. "ಎರಡು ನಿಮಿಷ ಕೂತ್ಕೊಳ್ಳೇ ಮಾರಾಯ್ತಿ" ಎಂದು ದಿನಾ ಕರೆಯುತ್ತಿದ್ದರು. "ಬರ್ದು ಮುಗ್ಸಿ ಬರ್ತೀನಿ ಅಜ್ಜಿ" ಅನ್ನುತ್ತಿದ್ದೆ. ಒಮ್ಮೆಯೂ ಹೋಗಿರಲಿಲ್ಲ.

ಮರುದಿನ ತಪಾಸಣೆಯಿತ್ತು. ಸತ್ತವರ ಜ್ವರ ಕಣ್ಣಿಗೆ ಬಿದ್ದರೆ ನನ್ನ ಸುಳ್ಳೆಲ್ಲ ಬಯಲಾಗಿ ಕೆಲಸ ಹೋಗುತ್ತಿತ್ತು. ಸಾಲು ಹೊಡೆದುಹಾಕಲು ಕೆಂಪು ಶಾಯಿಗೆಂದು ಕಪಾಟು ತೆಗೆದೆ. ತಿಂಗಳುಗಳಿಂದ ಯಾರೂ ಮುಟ್ಟದ ಥರ್ಮಾಮೀಟರಿನ ಪಾದರಸ 98.4ರಲ್ಲಿ ನಿಂತಿತ್ತು. ಒದರಿ ಇಳಿಸಿದೆ. ನೋಡುತ್ತಿದ್ದಂತೆ ಮತ್ತೆ ಅಲ್ಲಿಗೇ ಏರಿತು.

ಹನ್ನೆರಡನೇ ಮಂಚದ ಬಳಿ ಹೋದೆ. ಹಾಸಿಗೆಯನ್ನು ಆಗಲೇ ತೆಗೆದಿದ್ದರು, ಬರಿಯ ಕಬ್ಬಿಣದ ಪಟ್ಟಿಗಳಿದ್ದವು. ಅಕ್ಕಪಕ್ಕದ ಮಂಚಗಳ ಕಂಬಿ ಮುಟ್ಟಿದೆ, ತಣ್ಣಗಿತ್ತು. ಇದು ಮಾತ್ರ ಮನುಷ್ಯರ ಹಣೆಯಷ್ಟು ಬೆಚ್ಚಗಿತ್ತು.

ಅಲ್ಲೇ ಕೂತೆ. ಎರಡು ನಿಮಿಷವಲ್ಲ, ಸಂಜೆ ಹಾಲು ಕೊಡುವ ಹೊತ್ತಿನವರೆಗೂ ಕೂತೆ. ಕೆಲಸ ಹೋದರೆ ಹೋಗಲಿ, ಈ ಸಾಲನ್ನು ಹೊಡೆಯುವುದಿಲ್ಲ ಎಂದು ನಿಶ್ಚಯಿಸಿದೆ. ಯಾರಿಗೂ ಹೇಳಲಿಲ್ಲ.

ಮರುದಿನ ತಪಾಸಣೆಯವರು ರಿಜಿಸ್ಟರು ಹಿಡಿದು, ಮಂಚದಿಂದ ಮಂಚಕ್ಕೆ ನಡೆದು ತಲೆ ಎಣಿಸಿದರು. ಕೊನೆಗೆ, ಮೂವತ್ತೆರಡು ಜನ, ಎಲ್ಲ ಸರಿಯಿದೆ ಎಂದು ಬರೆದು ಸಹಿ ಹಾಕಿ ಹೋದರು.